ಗಾಲಿಮನೆಗೊಂದು ಎಳೆಯೋ ಕಾರು

ಪೆದ್ದರು ಎಲ್ಲಾ ಊರಲ್ಲೂ ಇರ್ತಾರೆ, ಇಲ್ಲ ಅನ್ನೋಕಾಗಲ್ಲ. ಪಕ್ಕದೂರಿನವರೂ ತಮ್ಮ ಪೆದ್ದನ ಬಗ್ಗೆ ಎದೆ ಉಬ್ಬಿಸಿ ಹೇಳ್ಕೋತಾರೆ. ಆದರೆ ಅವನೆಂಥ ಪೆದ್ದ ಸ್ವಾಮಿ? ವಾರಕ್ಕೊಂದು ಎಡವಟ್ಟು ಮಾಡ್ತಾನೆ, ಉಳಿದ ದಿನ ನಮ್ಮ ನಿಮ್ಮ ಹಾಗೇ ಇರ್ತಾನೆ. ಅಂಥವನನ್ನ ಪೆದ್ದ ಅಂತ ಕರೆದರೆ ನಮ್ಮ ಓಬಳೇಶನಿಗೆ ಅವಮಾನ! ಓಬಳೇಶ ಅಂದರೆ ಹಿರಿಯೂರಿನಿಂದ ಹುಬ್ಬಳ್ಳಿ ತನಕ ಹೈವೇ ಉದ್ದಕ್ಕೂ ಹುಡುಕಿದರೂ ಜೋಡಿ ಸಿಗದ ಪೆದ್ದ. ಅಪ್ಪಟ. ಒಂದು ತೊಟ್ಟು ಬೆರಕೆ ಇಲ್ಲ.

ಹಾಗಂತ ಅವನು ಮಾತು ಕೇಳದವನಲ್ಲ. ಕೇಳ್ತಿದ್ದ. ಅದೇ ಕಷ್ಟ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. "ಹಾಲು ಉಕ್ಕುತ್ತೆ, ನೋಡ್ತಾ ಇರೋ" ಅಂತ ಅವ್ವ ಹೇಳಿ ನೀರಿಗೆ ಹೋದರೆ, ಹಾಲು ಉಕ್ಕಿ ಪಾತ್ರೆ ಸೀದು ಒಲೆ ಆರಿ ಹೋಗೋ ತನಕ ನೋಡ್ತಾ ಇದ್ದ.

"ಏನೋ ಇದು!"

"ಚೆನ್ನಾಗಿ ಉಕ್ಕಿತು ಅವ್ವ. ಪೂರ್ತಿ ನೋಡಿದೆ."

ಅವನವ್ವ ಕಾಟವ್ವ ಹಣೆ ಹಣೆ ಚಚ್ಚಿಕೊಂಡಳು. ಚಚ್ಚಿಕೊಂಡು ಚಚ್ಚಿಕೊಂಡು ಆ ಹಣೇಲಿ ಏನು ಬರೆದಿತ್ತೋ ಅದೆಲ್ಲ ಅಳಿಸಿ ಹೋಗಿತ್ತು.

ಒಂದೇ ಒಂದು ವಿದ್ಯೆ ಮಾತ್ರ ಓಬಳೇಶನಿಗೆ ಒಲಿದಿತ್ತು. ಗಾಡಿ ಹೊಡೆಯೋದು. ಟ್ರಾಕ್ಟರು ಕೊಡಿ, ಲಾರಿ ಕೊಡಿ, ರೋಡ್ ರೋಲರ್ ಕೊಡಿ, ಕೂತ ಅಂದರೆ ನೀರಿನ ಹಾಗೆ ಹೊಡೀತಿದ್ದ. ಗಾಡಿಗಳು ಮಾತಾಡೋದಿಲ್ಲವಲ್ಲ, ಅದಕ್ಕೆ.

ತಾಯಿ ಮಗ ಇಬ್ಬರೂ ಇದ್ದದ್ದು ಗಾಲಿ ಮೇಲಿನ ಮನೇಲಿ. ಓಬಳೇಶನ ಅಪ್ಪ, ಪುಣ್ಯಾತ್ಮ, ರಸ್ತೆ ಹಾಕೋ ಗ್ಯಾಂಗಿನಲ್ಲಿ ಟಾರು ಕಾಯಿಸ್ತಿದ್ದ. ಗ್ಯಾಂಗಿನವರು ಮಲಗೋದಕ್ಕೆ ಒಂದು ತಗಡಿನ ಮನೆ, ಕೆಳಗೆ ನಾಲ್ಕು ಗಾಲಿ, ಮುಂದೆ ಒಂದು ಕೊಂಡಿ. ರಸ್ತೆ ಮುಂದೆ ಹೋದ ಹಾಗೆ ಮನೇನೂ ಟ್ರಾಕ್ಟರಿಗೆ ಕಟ್ಟಿ ಎಳ್ಕೊಂಡು ಹೋಗೋರು. ರಸ್ತೆ ಮುಗೀತು, ಮನೆ ಮುದಿಯಾಯ್ತು, ಅದನ್ನ ಅಪ್ಪನಿಗೇ ಬಿಟ್ಟು ಹೋದರು. ಪ್ಯಾಟೆಯವರು ಅಂಥದ್ದಕ್ಕೆ ಕ್ಯಾರವಾನು ಅಂತಾರಂತೆ. ಕಾಟವ್ವ ಗಾಲಿಮನೆ ಅಂತಿದ್ದಳು. ಹಿರಿಯೂರು ದಾಟಿದ ಮೇಲೆ ಹೈವೇ ಮಗ್ಗುಲಿನ ಒಂದು ಖಾಲಿ ಸೈಟಿನಲ್ಲಿ ಅದು ನಿಂತಿತ್ತು. ಕಿಟಕೀಲಿ ಲಾರಿಯವರಿಗೆ ಮಂಡಕ್ಕಿ ಮೆಣಸಿನಕಾಯಿ ಮಾರ್ತಿದ್ದಳು, ಒಳಗೆ ಮಗನನ್ನ ಬೈತಿದ್ದಳು. ಎರಡೂ ಕೆಲಸ ಜೋರಾಗೇ ನಡೀತಿತ್ತು.

ಹಿಂಗಿರೋವಾಗ ಸೈಟಿನ ಯಜಮಾನ ಪರಮೇಶ್ವರಪ್ಪ ಬಂದ.

"ಕಾಟವ್ವ, ಸೋಮವಾರ ಇಲ್ಲಿ ಪಾಯ ತೆಗೀತೀವಿ. ಅಷ್ಟರೊಳಗೆ ನಿನ್ನ ಮನೆ ಎತ್ತಿಬಿಡು."

"ಎತ್ತದಿದ್ರೆ?"

"ಜೆಸಿಬಿ ಎತ್ತುತ್ತೆ. ಅದು ಎತ್ತಿದ ಮೇಲೆ ಅದನ್ನ ಮನೆ ಅನ್ನೋಕಾಗಲ್ಲ ತಾಯಿ, ತಗಡು ಅನ್ಬೇಕು."

ಕಾಟವ್ವನಿಗೆ ಇದ್ದದ್ದು ಅದೊಂದೇ ಮನೆ. ಭರಮಸಾಗರದಲ್ಲಿದ್ದ ಮಗಳು ತಿಪ್ಪಮ್ಮನಿಗೆ ಫೋನು ಮಾಡಿದಳು. ತಿಪ್ಪಮ್ಮ ಅಂದಳು, "ನಮ್ಮನೆ ಪಕ್ಕ ಜಾಗ ಐತವ್ವ. ಮನೆ ಸಮೇತ ಬಂದುಬಿಡು!" ಬಂದುಬಿಡು ಅಂದರೆ ಎಳೆಯೋರು ಯಾರು? ಶೇಂಗಾ ಕೀಳೋ ಕಾಲ. ಒಂದು ಟ್ರಾಕ್ಟರೂ ಕೈಗೆ ಸಿಗಲಿಲ್ಲ. ಕಾಟವ್ವ ಯೋಚನೆ ಮಾಡಿದಳು: ಒಂದು ಹಳೇ ಕಾರು ತಗೊಂಡುಬಿಟ್ಟರೆ? ಇನ್ನು ಯಾರು ಎಬ್ಬಿಸಿದರೂ ಮನೆ ಕಟ್ಕೊಂಡು ಹೊರಟುಬಿಡಬಹುದು! ಸೆರಗಿನ ತುದೀಲಿ ಗಂಟು ಹಾಕಿಟ್ಟ ದುಡ್ಡಿತ್ತು. ಅದನ್ನ ಬಿಚ್ಚಿ, ಬಟ್ಟೇಲಿ ಕಟ್ಟಿ, ಮಗನ ಕೈಗಿಟ್ಟಳು. ತಾನೇ ಹೋಗೋಣ ಅಂದರೆ, ಮನೆ ಬಿಟ್ಟು ಕದಲಿದರೆ ಪರಮೇಶ್ವರಪ್ಪ ಎಲ್ಲಿ ಎತ್ತಿಸಿಬಿಡ್ತಾನೋ ಅಂತ ಭಯ.

"ಓಬಳೇಶ, ಪ್ಯಾಟೇಲಿ ಜಂಬಣ್ಣ ಅಂತ ಒಬ್ಬ ಹಳೇ ಕಾರು ಮಾರ್ತಾನೆ. ಹೋಗಿ ಒಂದು ಕಾರು ತಗೊಂಬಾ. ಕಂಡಿದ್ದು ತರಬೇಡ, ಎಳೆಯೋದು ನೋಡಿ ತಗೋ."

"ಹಂಗೇ ಆಗ್ಲಿ ಅವ್ವ."

ಅವ್ವ ಎಳೆಯೋದು ಅಂದಳು. ಮಗನ ಕಿವಿಗೆ ಎಳೇದು ಅಂತ ಬಿತ್ತು. ಅವನದೇನು ತಪ್ಪು? ಸಂತೆಗೆ ಕಳಿಸಿದಾಗೆಲ್ಲ ಅವ್ವ ಹೇಳ್ತಿದ್ದದ್ದು ಅದೇ ತಾನೆ. ಬೆಂಡೇಕಾಯಿ ತಗೋ, ಎಳೇದು ನೋಡಿ ತಗೋ. ಸೌತೇಕಾಯಿ ತಗೋ, ಎಳೇದು ನೋಡಿ ತಗೋ.

ಜಂಬಣ್ಣನ ಅಂಗಳದಲ್ಲಿ ಸಾಲಾಗಿ ಕಾರು. ಓಬಳೇಶ ಮೊದಲನೇ ಕಾರಿನ ಹತ್ತಿರ ಹೋದ. ಟೈರಿಗೆ ಉಗುರು ಚುಚ್ಚಿದ. ಇಳೀಲಿಲ್ಲ. ಬಲಿತದ್ದು! ಎರಡನೇ ಕಾರು. ತಲೆ ಮೇಲೆ ಉದ್ದಕ್ಕೆ ಒಂದು ಕಡ್ಡಿ ನಿಂತಿತ್ತು, ರೇಡಿಯೋದ್ದು. ಬೆಂಡೇಕಾಯಿ ತುದಿ ಮುರಿದ ಹಾಗೆ ಅದರ ತುದಿ ಮುರಿದ. ಲಟಕ್!

ಜಂಬಣ್ಣ ಒಳಗಿಂದ ಓಡಿಬಂದ. "ಏಯ್! ಏನ್ ಮಾಡ್ತಿದ್ದೀಯೋ!"

"ಇದು ಪರವಾಗಿಲ್ಲ ಅಣ್ಣ, ಲಟಕ್ ಅಂತು. ಆದರೂ ಒಳಗೆ ನಾರು ಐತೆ. ಇದಕ್ಕಿಂತ ಎಳೇದು ಇಲ್ವಾ?"

"ಎಳೇದಾ? ಇದು ಹಳೇ ಕಾರಿನ ಅಂಗಡಿ ಕಣಯ್ಯಾ! ಇಲ್ಲಿರೋವೆಲ್ಲ ಬಲಿತು ಮೊಮ್ಮಕ್ಕಳು ಕಂಡಿರೋವು!"

ಓಬಳೇಶ ಪ್ಯಾಟೆ ಎಲ್ಲಾ ಸುತ್ತಿದ. ಕೊನೆಗೆ ಎಳೇ ಕಾರು ಸಿಕ್ಕೇ ಸಿಕ್ತು. ಅಂಗೈಯಗಲ, ಕೆಂಪು ಬಣ್ಣ, ಪ್ಲಾಸ್ಟಿಕ್ಕು, ಮೂತಿಗೊಂದು ದಾರ. ದರ ದರ ಎಳ್ಕೊಂಡು ಮನೆಗೆ ಬಂದ.

"ಅವ್ವಾ, ಇದಕ್ಕಿಂತ ಎಳೇದು ಇಡೀ ಹಿರಿಯೂರಲ್ಲೇ ಇಲ್ಲ! ಇನ್ನೂ ಹಲ್ಲು ಬಂದಿಲ್ಲ!"

"ಅಯ್ಯೋ ನನ್ನ ಕರ್ಮವೇ!" ಕಾಟವ್ವ ಹಣೆ ಚಚ್ಚಿಕೊಂಡಳು. "ಎಳೇದಲ್ಲ ಕಣೋ, ಎಳೆಯೋದು! ಮನೇನ ಎಳೆಯೋದು! ದೊಡ್ಡದಿರಬೇಕು, ಗಟ್ಟಿ ಇರಬೇಕು, ಜೀಪಿನಂಥದ್ದು. ಸುಮ್ಮನೆ ನಿಂತಿರೋದು ನೋಡಿ ಮೋಸ ಹೋಗಬೇಡ. ಓಡಿಸಿ ನೋಡು, ಆಮೇಲೆ ತಗೋ!"

"ಹಂಗೇ ಆಗ್ಲಿ ಅವ್ವ."

ಓಡಿಸಿ ನೋಡು ಅನ್ನೋದು ಕಾಟವ್ವ ಲಾರಿಯವರ ಬಾಯಲ್ಲಿ ಕೇಳಿದ್ದ ಮಾತು. ತಾಯಿ ಮಗನ ಮನೇಲಿ ಆ ಮಾತಿಗೆ ಬೇರೆ ಕೆಲಸ. ಗಾಡಿಯನ್ನ ಹೊಡೀತಾರೆ. ಓಡಿಸೋದು ಯಾರನ್ನ? ಮಂಡಕ್ಕಿ ಚೀಲಕ್ಕೆ ಬಾಯಿ ಹಾಕೋ ಆಡನ್ನ.

ಮಾರನೇ ದಿನ ಓಬಳೇಶ ಒಂದು ಉದ್ದನೆ ಹುಣಸೇ ಬರ್ಲು ಹಿಡ್ಕೊಂಡೇ ಹೋದ. ಜಂಬಣ್ಣನ ಅಂಗಳದ ಮೂಲೇಲಿ ಒಂದು ಜೀಪು. ಹಳೇದು, ಹಸಿರು, ಎಮ್ಮೆಯ ಹಾಗೆ ಗಟ್ಟಿಮುಟ್ಟು. ಓಬಳೇಶನಿಗೆ ನೋಡಿದ ಕೂಡಲೇ ಇಷ್ಟ ಆಯ್ತು. ಹಿಂದೆ ಹೋಗಿ ನಿಂತು ಬರ್ಲು ಬೀಸಿದ.

"ಹೈ! ಹೈ! ಹೋಗು! ಥೂ ಹೋಗು!"

ಜೀಪು ಕದಲಲಿಲ್ಲ. ಇನ್ನೊಂದು ಬಿಟ್ಟ. ಕದಲಲಿಲ್ಲ. ಜಂಬಣ್ಣ ಹೊಟ್ಟೆ ಎತ್ಕೊಂಡು ಬಂದ. "ಲೇ, ನಿಲ್ಸೋ! ಬಣ್ಣ ಹೋಗುತ್ತೆ ಕಣೋ!" ಅಂತ ಬರ್ಲಿಗೆ ಅಡ್ಡ ನಿಂತ. ಅಡ್ಡ ನಿಂತಿದ್ದಕ್ಕೆ ಕಾಲಿಗೊಂದು ಬಿತ್ತು. ಜಂಬಣ್ಣ ಓಡಿದ. ಓಡೋದು ಕಂಡ ಕೂಡಲೇ ಓಬಳೇಶನಿಗೆ ಹುರುಪು ಬಂತು. ಹೈ ಹೈ ಅಂತ ಹಿಂದೆಯೇ ಬಿದ್ದ. ಕಾರುಗಳ ಸುತ್ತ ಒಂದು ಸುತ್ತು, ನೀರಿನ ಟ್ಯಾಂಕಿನ ಸುತ್ತ ಒಂದು ಸುತ್ತು, ಕೊನೆಗೆ ಜಂಬಣ್ಣ ಕಾರೊಂದರ ಒಳಗೆ ನುಗ್ಗಿ ಬಾಗಿಲು ಹಾಕ್ಕೊಂಡ.

ಓಬಳೇಶ ಮನೆಗೆ ಬಂದ.

"ಏನೋ, ಓಡಿಸಿ ನೋಡಿದ್ಯಾ?"

"ನೋಡ್ದೆ ಅವ್ವ. ಜೀಪು ಓಡಲಿಲ್ಲ. ಜಂಬಣ್ಣ ಚೆನ್ನಾಗಿ ಓಡಿದ! ಆ ಹೊಟ್ಟೇಲೂ ಎಷ್ಟು ಸ್ಪೀಡು ಅಂತೀಯ! ಅವನನ್ನೇ ತರೋಣ ಅಂತಿದ್ದೆ, ಒಳಗೆ ಸೇರ್ಕೊಂಡು ಈಚೆಗೇ ಬರಲಿಲ್ಲ."

"ಅಯ್ಯೋ ನನ್ನ ಕರ್ಮವೇ! ಓಡಿಸೋದು ಅಂದ್ರೆ ಹೊಡೆಯೋದು ಕಣೋ! ಒಳಗೆ ಕೂತು, ಕೀಲಿ ತಿರುಗಿಸಿ, ಗೇರು ಹಾಕಿ!"

"ಹೊಡೆಯೋದು ಅಂತ ಮೊದಲೇ ಹೇಳಬಾರದಾ? ಅಷ್ಟು ದೂರ ಬರ್ಲು ಹೊತ್ಕೊಂಡು ಹೋದೆ."

ಕಾಟವ್ವ ಹಲ್ಲು ಕಚ್ಚಿಕೊಂಡಳು. "ನಾಳೆ ಹೋಗು. ಮೊದಲು ಆ ಜಂಬಣ್ಣನಿಗೆ ಕೈ ಮುಗಿ. ಜೀಪು ಹೊಡೆದು ನೋಡು. ಚೆನ್ನಾಗಿದ್ರೆ ಬೆಲೆ ಇಳಿಸು. ಎಷ್ಟು ಆಗುತ್ತೋ ಅಷ್ಟು ಇಳಿಸು. ಬೆಲೆ ಇಳಿಸದೆ ದುಡ್ಡು ಬಿಚ್ಚಿದ್ಯೋ, ಮನೇಗೆ ಸೇರಿಸಲ್ಲ!"

"ಹಂಗೇ ಆಗ್ಲಿ ಅವ್ವ."

ಜಂಬಣ್ಣ ಅವನನ್ನ ಕಂಡ ಕೂಡಲೇ ಮೇಜಿನ ಹಿಂದೆ ಹೋಗಿ ನಿಂತ. ಓಬಳೇಶ ಕೈ ಮುಗಿದ. ಕೀಲಿ ಇಸ್ಕೊಂಡ. ಜೀಪು ಹತ್ತಿ ಕೂತ ನೋಡಿ, ಬೇರೆ ಮನುಷ್ಯನೇ ಆಗಿಬಿಟ್ಟ! ಅಂಗಳದಲ್ಲಿ ಎಂಟು ಬರೆದ, ಏರು ಹತ್ತಿಸಿದ, ಹಿಂದಕ್ಕೆ ಹಿಂದಕ್ಕೆ ಬಂದು ಇದ್ದ ಜಾಗದಲ್ಲೇ ಕೂದಲೆಳೆ ಆಚೀಚೆ ಆಗದ ಹಾಗೆ ನಿಲ್ಲಿಸಿದ. ಜಂಬಣ್ಣನ ಬಾಯಿ ತೆರೆದೇ ಇತ್ತು.

"ಪರವಾಗಿಲ್ಲ ಕಣೋ ನೀನು! ಜೀಪು ಹೆಂಗೈತೆ?"

"ಮನೆ ಎಳೆಯುತ್ತೆ ಅಣ್ಣ. ಈಗ ಬೆಲೆ ಇಳಿಸ್ಬೇಕು."

"ಆಯ್ತು, ಎಷ್ಟು ಇಳಿಸ್ತೀಯ ಇಳಿಸು, ನೋಡೋಣ," ಅಂದ ಜಂಬಣ್ಣ ನಕ್ಕೊಂಡು.

ಜೀಪಿನ ಮುಂದಿನ ಗಾಜಿನ ಮೇಲ್ಗಡೆ ಒಂದು ರಟ್ಟು ಅಂಟಿಸಿ ಅದರಲ್ಲಿ ಬೆಲೆ ಬರೆದಿದ್ದರು. ಓಬಳೇಶ ಆ ರಟ್ಟು ಕಿತ್ತ. ಬಾನೆಟ್ಟಿನ ಮೇಲಿಟ್ಟ.

"ಇಳಿಸಿದೆ ಅಣ್ಣ."

"ಆಂ?"

"ಇನ್ನೂ ಇಳಿಸ್ಲಾ?" ಬಂಪರಿಗೆ ಸಿಗಿಸಿದ. ಅಲ್ಲಿಂದ ನೆಲಕ್ಕೆ ಇಳಿಸಿದ. ಎಷ್ಟು ಆಗುತ್ತೋ ಅಷ್ಟು ಅಂತ ಅವ್ವ ಹೇಳಿದ್ದು ನೆನಪಾಯ್ತು. ಗೋಡೆಗೆ ಒರಗಿಸಿದ್ದ ಗುದ್ದಲಿ ತಗೊಂಡ. ಮೊಣಕಾಲುದ್ದ ಗುಂಡಿ ತೆಗೆದ. ರಟ್ಟು ಒಳಗಿಟ್ಟು ಮಣ್ಣು ಮುಚ್ಚಿ ಮೇಲೆ ಚೆನ್ನಾಗಿ ತುಳಿದ.

"ಇದಕ್ಕಿಂತ ಇಳಿಸಬೇಕು ಅಂದ್ರೆ ಬೋರ್‌ವೆಲ್ ಲಾರಿ ಕರೆಸ್ಬೇಕು ಅಣ್ಣ!"

ಜಂಬಣ್ಣ ಗುಂಡಿ ನೋಡಿದ, ಓಬಳೇಶನನ್ನ ನೋಡಿದ, ಆಕಾಶ ನೋಡಿದ. "ನಿನ್ನ ಹಡೆದ ತಾಯಿ ಬದುಕಿದ್ದಾಳೇನಪ್ಪ?" ಅಂತ ಕೇಳಿದ.

"ಹೂಂ, ಇದ್ದಾಳೆ."

"ಗಟ್ಟಿಗಿತ್ತಿ!" ಅಂದ ಜಂಬಣ್ಣ.

ಆ ಗಟ್ಟಿಗಿತ್ತಿ ಸಂಜೆ ಇದನ್ನೆಲ್ಲ ಕೇಳಿ ಅತ್ತೇ ಬಿಟ್ಟಳು. ಶನಿವಾರ ಮುಗೀತಾ ಇತ್ತು. ಪರಮೇಶ್ವರಪ್ಪನ ಆಳುಗಳು ಬಂದು ಸೈಟಿಗೆ ಸುಣ್ಣದ ಗೆರೆ ಎಳೆದು ಹೋಗಿದ್ದರು. ಗೆರೆ ಗಾಲಿಮನೆಯ ಕೆಳಗೇ ಹಾದು ಹೋಗಿತ್ತು.

"ಬಾಯಲ್ಲಿ ಇಳಿಸ್ಬೇಕು ಕಣೋ ಬೆಲೇನ! ನಾಳೆ ಒಂದೇ ದಿನ ಐತೆ. ನೀನು ಇಳಿಸೋದೂ ಬೇಡ, ಏರಿಸೋದೂ ಬೇಡ. ಜಂಬಣ್ಣ ಏನು ಹೇಳ್ತಾನೋ, ಅದರಲ್ಲಿ ಅರ್ಧ ಕೇಳು. ಒಂದೇ ಮಾತು. ಅರ್ಧ! ಗೊತ್ತಾಯ್ತಾ?"

"ಗೊತ್ತಾಯ್ತು ಅವ್ವ. ಅರ್ಧ."

ದಾರಿಯುದ್ದಕ್ಕೂ ಅರ್ಧ, ಅರ್ಧ, ಅರ್ಧ ಅಂದ್ಕೊಂಡೇ ಹೋದ. ಒಂದು ಕಡೆ ಎಡವಿ ಬಿದ್ದ, ಆಗಲೂ ಅರ್ಧ ಅಂತಲೇ ಕೂಗಿದ.

"ಬಾರಪ್ಪ ಬಾ," ಅಂದ ಜಂಬಣ್ಣ. ಗುದ್ದಲಿ ಒಳಗಿಟ್ಟು ಬೀಗ ಹಾಕಿದ್ದ. "ಇವತ್ತೇನು?"

"ಜೀಪು ಬೇಕು ಅಣ್ಣ."

"ತಗೋ. ಒಳ್ಳೇ ಜೀಪು."

"ಅರ್ಧ ಕೊಡಿ."

"ಏನರ್ಧ?"

"ಜೀಪಲ್ಲಿ ಅರ್ಧ."

ಜಂಬಣ್ಣ ಕುರ್ಚಿ ಮೇಲೆ ಕೂತ. "ಯಾವ ಅರ್ಧಾನಪ್ಪ?"

ಓಬಳೇಶ ಜೀಪಿನ ಸುತ್ತ ಒಂದು ಸುತ್ತು ಬಂದು, ತಲೆ ಕೆರೆದು, ಲೆಕ್ಕ ಹಾಕಿ ಹೇಳಿದ. "ಮುಂದಿನ ಅರ್ಧ ಕೊಡಿ ಅಣ್ಣ. ಎಂಜಿನ್ನು, ಸ್ಟೇರಿಂಗು ಅದರಲ್ಲೇ ಇರೋದು. ಹಿಂದಿನ ಅರ್ಧ ನಮಗ್ಯಾಕೆ? ಹಿಂದೆ ಹೆಂಗೂ ಮನೆ ಇರುತ್ತಲ್ಲ!"

ಇದರಲ್ಲಿ ಎಲ್ಲಿ ತಪ್ಪಿದೆ ಅಂತ ಜಂಬಣ್ಣನಿಗೂ ಹೊಳೀಲಿಲ್ಲ! ಅಷ್ಟರಲ್ಲಿ ಓಬಳೇಶ ಮೂಲೇಲಿದ್ದ ಗರಗಸ ಎತ್ಕೊಂಡು, ಜೀಪಿನ ನಡು ಎಲ್ಲಿ ಬರುತ್ತೆ ಅಂತ ಗೇಣು ಹಾಕ್ತಿದ್ದ.

"ಬೇಡವೋ ಮಾರಾಯ!" ಜಂಬಣ್ಣ ಅವನ ಎರಡೂ ಕೈ ಹಿಡ್ಕೊಂಡ. "ಅದೇನು ಗಂಟು ತಂದಿದ್ದೀಯೋ ಅದನ್ನ ಇಲ್ಲಿಟ್ಟು ಇಡೀ ಜೀಪು ತಗೊಂಡು ಹೋಗು. ನಾನು ಬಿಚ್ಚೂ ನೋಡಲ್ಲ. ಹಿಂದಿನರ್ಧ ನಿಮ್ಮವ್ವನಿಗೆ ನನ್ನ ಕಾಣಿಕೆ!"

ನೋಡಿದ್ರಾ? ಬುದ್ಧಿವಂತರು ವಾರಗಟ್ಟಲೆ ಚೌಕಾಸಿ ಮಾಡಿದರೂ ಸಿಗದ ಬೆಲೆ! ಪಕ್ಕದೂರಿನ ಪೆದ್ದನ ಕೈಲಿ ಆಗ್ತಿತ್ತಾ ಇದು?

ಜೀಪು ಬಂದು ನಿಂತಿದ್ದು ಕಂಡು ಕಾಟವ್ವ ಮೊದಲನೇ ಸಲ ಮಗನ ತಲೆ ಸವರಿದಳು. ಹಿಂದಿನರ್ಧ ಇದೆಯಾ ಅಂತ ಒಂದು ಸಲ ಬಗ್ಗಿ ನೋಡ್ಕೊಂಡಳು. ಜೀಪಿಗೆ ಅರಿಶಿನ ಕುಂಕುಮ ಹಚ್ಚಿದಳು, ಗಾಲಿಗೊಂದು ನಿಂಬೆಹಣ್ಣು ಇಟ್ಟಳು.

ಸೋಮವಾರ ಬೆಳಗಾಯ್ತು. ಓಬಳೇಶ ಗಾಲಿಮನೆಯ ಕೊಂಡಿಯಿಂದ ಜೀಪಿಗೆ ಉದ್ದನೆ ಕಬ್ಬಿಣದ ಸರಪಳಿ ಬಿಗಿದು, ಗಾಲಿಗಳಿಗೆ ಒಡ್ಡಿದ್ದ ಕಲ್ಲು ತೆಗೆದ. ಕಾಟವ್ವ ಪಾತ್ರೆ ಪಡಗ ಎಲ್ಲಾ ಒಳಗೆ ಕಟ್ಟಿಟ್ಟು, ತಾನೂ ಒಳಗೇ ಕೂತಳು. ಯಾರಾದರೂ ಪಾತ್ರೆ ಹಿಡ್ಕೋಬೇಕಲ್ಲ.

ಅಷ್ಟರಲ್ಲಿ ಗುರ್ರ್ ಅಂತ ಜೆಸಿಬಿ ಬಂದೇ ಬಂತು. ಮುಂದೆ ಪರಮೇಶ್ವರಪ್ಪ, ಬಿಳೀ ಪಂಚೆ, ಕೈಯಲ್ಲಿ ತೆಂಗಿನಕಾಯಿ.

"ಇನ್ನೂ ಇಲ್ಲೇ ಇದ್ದೀಯಾ ಕಾಟವ್ವ? ಮುಹೂರ್ತ ಮೀರುತ್ತೆ! ಏಯ್, ತಳ್ಳೋ ಅದನ್ನ!"

ಜೆಸಿಬಿಯ ಬಕೆಟ್ಟು ಮೇಲೆದ್ದಿತು. ಕಾಟವ್ವ ಕಿಟಕಿಯಿಂದ ಕಿರುಚಿದಳು.

"ಓಬಳೇಶ! ಬಿಡೋ! ಬೇಗ ಬಿಡೋ ಗಾಡೀನ!"

"ಹಂಗೇ ಆಗ್ಲಿ ಅವ್ವ!"

ಓಬಳೇಶ ಜೀಪಿನಿಂದ ಧುಮುಕಿದ. ಹಿಂದಕ್ಕೆ ಓಡಿಬಂದ. ಸರಪಳಿ ಕಳಚಿದ.

"ಬಿಟ್ಟೆ ಅವ್ವ!"

ಇಳಿಜಾರಿನ ಸೈಟು. ಬಿಟ್ಟ ಗಾಲಿಮನೆ ಕಿರ್ರ್ ಅಂತ ಹಿಂದಕ್ಕೆ ಹೊರಟಿತು. ನೇರ ಜೆಸಿಬಿ ಬಾಯಿಗೆ! ಜೆಸಿಬಿಯವನು ಹೆದರಿ ಬಕೆಟ್ಟು ಕೆಳಗಿಟ್ಟ. ಗಾಲಿಮನೆ ಹೋಗಿ ಅದಕ್ಕೆ ತಗುಲಿ ನಿಂತಿತು. ಒಳಗೆ ಪಾತ್ರೆಗಳು ಕಾಟವ್ವನ ಮೇಲೆ, ಕಾಟವ್ವ ಮಂಡಕ್ಕಿ ಚೀಲದ ಮೇಲೆ.

"ಬಿಡಬೇಡ್ವೋ! ಕಟ್ಟೋ! ಕಟ್ಟಿ ಹೊಡಿಯೋ!" ಮಂಡಕ್ಕಿ ಉಗುಳುತ್ತಾ ಕಿಟಕಿಗೆ ಬಂದಳು ಕಾಟವ್ವ. "ಇನ್ನು ಯಾರು ಅಡ್ಡ ಬಂದ್ರೂ ನಿಲ್ಲಿಸ್ಬೇಡ! ನಾನು ಬಾಯಿ ಬಡ್ಕೊಂಡ್ರೂ ನಿಲ್ಲಿಸ್ಬೇಡ! ಮನೆ ಬಂದ ಮೇಲೇ ನಿಲ್ಲಿಸು! ಮನೆ ಬರೋಕೆ ಮೊದಲು ನಿಲ್ಲಿಸಿದ್ಯೋ, ನಾನು ನಿನ್ನವ್ವನೇ ಅಲ್ಲ!"

"ಹಂಗೇ ಆಗ್ಲಿ ಅವ್ವ!"

ಜೀಪು ಹಿಂದಕ್ಕೆ ತಂದ, ಸರಪಳಿ ಹಾಕಿದ, ಗೇರು ಬಿತ್ತು. ಜೀಪು ಒಂದು ಸಲ ಮುಕ್ಕಿರಿಯಿತು. ಗಾಲಿಮನೆ ಅಲುಗಿತು, ಕದಲಿತು, ಸುಣ್ಣದ ಗೆರೆ ದಾಟಿತು, ಹೈವೇ ಹತ್ತಿಯೇ ಬಿಟ್ಟಿತು! ಹಿಂದೆ ಪರಮೇಶ್ವರಪ್ಪ ತೆಂಗಿನಕಾಯಿ ಒಡೆದ. ಪಾಯಕ್ಕೆ ಒಡೆದನೋ, ಪೀಡೆ ತೊಲಗಿತು ಅಂತ ಒಡೆದನೋ, ಅವನನ್ನೇ ಕೇಳಬೇಕು.

ಕಾಟವ್ವ ಕಣ್ಣೊರೆಸ್ಕೊಂಡಳು. ಮನೆ ಉಳೀತು! ಮಗ ಏನು ಚೆಂದ ಹೊಡೀತಾನೆ! ಒಂದು ಲೋಟ ಅಲುಗಾಡ್ತಿಲ್ಲ! ಚಿತ್ರದುರ್ಗ ಹಿಂದೆ ಬಿತ್ತು. ಭರಮಸಾಗರ ಬಂತು. ರಸ್ತೆ ಮಗ್ಗುಲಲ್ಲಿ ಮಗಳು ತಿಪ್ಪಮ್ಮ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ದಳು. ಪಕ್ಕದಲ್ಲಿ ಗುಡಿಸಿ ಸಾರಿಸಿ ರಂಗೋಲಿ ಹಾಕಿದ ಜಾಗ.

"ಬಾರೋ ತಮ್ಮಾ! ಇಲ್ಲೇ! ಇಲ್ಲೇ ನಿಲ್ಲಿಸೋ!"

ಓಬಳೇಶ ಕನ್ನಡಿ ನೋಡಿದ. ಮನೆ ಎಲ್ಲಿದೆ? ಹಿಂದೆ. ಬರ್ತಾ ಇದೆ. ಆದರೆ ಇನ್ನೂ ಬಂದಿಲ್ಲ.

"ತಾಳಕ್ಕ, ಮನೆ ಇನ್ನೂ ಬರ್ತಾ ಐತೆ! ಬಂದ ಮೇಲೆ ನಿಲ್ಲಿಸ್ತೀನಿ!"

ಭುರ್ ಅಂತ ಜೀಪು ಮುಂದೆ ಹೋಯ್ತು. ತಿಪ್ಪಮ್ಮನ ಆರತಿ ಆರಿತು. ಕಾಟವ್ವ ಕಿಟಕೀಲಿ ಅರ್ಧ ಮೈ ಆಚೆ ಹಾಕಿದಳು.

"ನಿಲ್ಸೋ! ಅಕ್ಕನ ಮನೆ ಹೋಯ್ತಲ್ಲೋ! ನಿಲ್ಸೋ!"

ಅವ್ವ ಬಾಯಿ ಬಡ್ಕೊಂಡರೂ ನಿಲ್ಲಿಸಬಾರದು ಅಂತ ಅವ್ವನೇ ಹೇಳಿದ್ದಾಳೆ. ಓಬಳೇಶ ನಿಲ್ಲಿಸ್ತಾನಾ? ಕನ್ನಡಿ ನೋಡಿದ. ಮನೆ ಬರ್ತಾ ಐತೆ. ಸ್ವಲ್ಪ ಜೋರಾಗಿ ಹೋದ. ಮನೇನೂ ಜೋರಾಗಿ ಬಂತು. ನಿಧಾನ ಹೋದ. ಮನೇನೂ ನಿಧಾನ ಬಂತು. "ಇದೇನಿದು, ಎಷ್ಟು ಹೊತ್ತಾದ್ರೂ ಮನೆ ಬರ್ತಾನೇ ಐತೆ, ಬರವಲ್ದು!" ಅಂತ ಅವನಿಗೂ ಬೇಜಾರಾಯ್ತು.

ದಾವಣಗೆರೆ ಹೋಯ್ತು. ಕಾಟವ್ವ ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಸಿಟ್ಟಿಗೆ ಲಟ್ಟಣಿಗೆ ಎಸೆದಳು. ಅದು ಜೀಪಿನ ಟಾಪಿಗೆ ಬಿತ್ತು. ಓಬಳೇಶ ಕಿಟಕೀಲಿ ತಲೆ ಹಾಕಿ ಧೈರ್ಯ ಹೇಳಿದ, "ಆತುರ ಬೀಳಬೇಡ ಅವ್ವ! ಬಂದೇ ಬರುತ್ತೆ!"

ಹರಿಹರದ ಹತ್ತಿರ ತುಂಗಭದ್ರೆ ಸೇತುವೆ. ಜೀಪು ನಡು ಸೇತುವೆಗೆ ಬಂದು ಒಂದು ಸಲ ಕೆಮ್ಮಿತು, ಎರಡು ಸಲ ಬಿಕ್ಕಿತು, ನಿಂತೇಬಿಟ್ಟಿತು. ಡೀಸೆಲ್ ಖಾಲಿ! ಮನೆ ಬರೋಕೆ ಮೊದಲೇ ನಿಂತುಹೋಯ್ತಲ್ಲ! ಅವ್ವ ಇನ್ನು ಅವ್ವನೇ ಅಲ್ಲವಲ್ಲ!

ಆದರೆ ಜೀಪು ನಿಂತರೇನಂತೆ, ಗಾಲಿಮನೆಗೆ ಬ್ರೇಕೆಲ್ಲಿ? ಸರಪಳಿ ಸಡಿಲ ಆಯ್ತು. ಮನೆ ಉರುಳ್ಕೊಂಡು ಬಂತು. ಬಂತು, ಬಂತು, ಬಂದು ಜೀಪಿನ ಬೆನ್ನಿಗೆ ಧಡ್!

ಓಬಳೇಶನ ಮುಖ ಹೂವಿನ ಹಾಗೆ ಅರಳಿತು. ಜಿಗಿದು ಇಳಿದ, ಓಡಿಬಂದು ತಗಡಿನ ಬಾಗಿಲು ತೆಗೆದ.

"ಇಳಿಯವ್ವ! ಮನೆ ಬಂತು!"

ಕಾಟವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಈ ಕಡೆ ಹೊಳೆ. ಆ ಕಡೆ ಹೊಳೆ. ಹಿಂದೆ ದಾವಣಗೆರೆ ತನಕ ಹಾರನ್ನು ಒತ್ತುತ್ತಾ ನಿಂತ ಲಾರಿ ಸಾಲು. ಚಚ್ಚಿಕೊಳ್ಳೋಣ ಅಂತ ಕೈ ಎತ್ತಿದಳು. ಹಣೆಗೂ ಸಾಕಾಗಿತ್ತು, ಕೈಗೂ ಸಾಕಾಗಿತ್ತು. ಎತ್ತಿದ ಕೈಯಲ್ಲಿ ಮಗನ ಬೆವರು ಒರೆಸಿದಳು.

ಕಾಟವ್ವನ ಮನೆ ಅಲ್ಲಿ ನಿಂತಿತು, ನಮ್ಮ ಕತೆ ಇಲ್ಲಿ ನಿಂತಿತು.